ಲಚ್ಚಿಯ ಹುಳುಕು ಹಲ್ಲಿಗೆ ಸಿಂಗ್ರ ಮಾಡಿದ ಮದ್ದು

ಭಗವಂತ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಕಳಿಸುತ್ತಾನೆ. ಒಬ್ಬರಿಗೆ ರೂಪು, ಒಬ್ಬರಿಗೆ ಬುದ್ಧಿ, ಒಬ್ಬರಿಗೆ ಕಂಠ. ದ್ಯಾವಮ್ಮನ ಮಗ ಸಿಂಗ್ರನ ಸರದಿ ಬಂದಾಗ ಸ್ವಾಮಿಯ ಹತ್ತಿರ ಉಳಿದಿದ್ದದ್ದು ವಿಧೇಯತೆ ಒಂದೇ ಇರಬೇಕು. ಅದನ್ನೇ ಎರಡೂ ಕೈಯಲ್ಲಿ ಬಾಚಿ ಕೊಟ್ಟುಬಿಟ್ಟ. ಮೀಸೆ ಬಂದ ಗಂಡಸು, ಎತ್ತಿನಂಥ ಮೈ. ಕೂರು ಅಂದರೆ ಕೂತ, ಏಳು ಅನ್ನುವವರೆಗೆ ಏಳಲ್ಲ. ಹಾಲು ಉಕ್ಕುವುದನ್ನು ನೋಡ್ತಿರು ಅಂದರೆ ಉಕ್ಕಿ, ಹರಿದು, ಒಲೆ ಆರುವವರೆಗೂ ನೋಡುತ್ತಾನೆ. "ಏನ್ಲಾ ಇದು?" ಅಂದರೆ, "ನೀ ಹೇಳಿದ್ದನ್ನೇ ಮಾಡ್ದೆ ಕಣವ್ವ" ಅನ್ನುತ್ತಾನೆ.

"ಹೇಳಿದ್ದನ್ನೇ ಮಾಡ್ತೀಯಲ್ಲ, ಅದೇ ನನ್ನ ಕರ್ಮ" ಅಂತ ದ್ಯಾವಮ್ಮ ಹಣೆ ಚಚ್ಚಿಕೊಳ್ಳುತ್ತಾಳೆ. ಆಮೇಲೆ ಮೇಲೆ ನೋಡಿ, "ಕೊಟ್ಟೋನು ನೀನು, ನೀನೇ ನೋಡ್ಕೊ" ಅಂತ ದೇವರಿಗೆ ಒಪ್ಪಿಸಿ ಕೆಲಸಕ್ಕೆ ಹೋಗುತ್ತಾಳೆ.

ಆ ಮನೆಯಲ್ಲಿ ಇನ್ನೊಂದು ಜೀವ ಇತ್ತು, ಲಚ್ಚಿ. ದ್ಯಾವಮ್ಮನ ಮಗಳ ಮಗಳು. ಎರಡನೇ ಹೆರಿಗೆ ಮುಗಿಸಿಕೊಂಡು ಗಂಡನ ಮನೆಗೆ ಹೊರಟ ಮಗಳು, ಕೈಗೂಸು ಒಂದನ್ನು ಸುಧಾರಿಸಿದರೆ ಸಾಕವ್ವ ಅಂತ ದೊಡ್ಡವಳನ್ನು ಅಜ್ಜಿ ಹತ್ತಿರ ಬಿಟ್ಟಿದ್ದಳು. ಇನ್ನೂ ಸರಿಯಾಗಿ 'ರ' ಹೊರಳದ ಕೂಸು. ಊರಿನ ತುಂಬಾ ಕಬ್ಬು, ಊರಿನ ಬಾಯಲ್ಲಿ ಆಲೆಮನೆ. ಆಲೆಮನೆಗೆ ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಸೀಮೆಯಲ್ಲಿ ಇಲ್ಲ. ಕೊಪ್ಪರಿಗೆ ಇಳಿಸುವ ಹೊತ್ತಿಗೆ ಮಗು ಎಲೆ ಹಿಡಿದು ನಿಂತರೆ ಬಿಸಿ ಬೆಲ್ಲ ಬೀಳಲೇಬೇಕು. ಲಚ್ಚಿ ದಿನವೂ ನಿಂತಳು. ದಿನವೂ ಬಿತ್ತು. ದವಡೆಯ ಹಲ್ಲು ಕಪ್ಪಗಾಗಿ ಕುಳಿ ಬಿತ್ತು.

"ಹಾಲುಹಲ್ಲು ತಾನೆ, ಬಿದ್ದು ಹೊಸದು ಬತ್ತದೆ" ಅಂತ ದ್ಯಾವಮ್ಮ ಸುಮ್ಮನಿದ್ದಳು. ಹಲ್ಲು ಬೀಳಲಿಲ್ಲ, ಮಗು ಅನ್ನ ಬಿಟ್ಟಿತು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರೆ ಕೆನ್ನೆ ಹಿಡಿದುಕೊಂಡು ಅಳುತ್ತದೆ. ಹಸಿದ ಮಗುವಿನ ಅಳು ಕೇಳಿಕೊಂಡು ಯಾವ ಅಜ್ಜಿಗೆ ತುತ್ತು ಇಳಿಯುತ್ತದೆ? ದ್ಯಾವಮ್ಮನೂ ಅನ್ನ ಬಿಟ್ಟಳು.

ತಾಲೂಕಿನ ದೊಡ್ಡಾಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟ್ರು ಇದ್ದಾರೆ ಅಂತ ಅವಳಿಗೆ ಗೊತ್ತು. ಆದರೆ ಅಲ್ಲಿ ಇಕ್ಕಳ ಇದೆ ಅಂತಲೂ ಗೊತ್ತು. "ದೇವರು ಗಿಡದಲ್ಲಿ, ಬೇರಲ್ಲಿ ಇಡದೇ ಇರೋ ಮದ್ದು ಯಾವುದೈತೆ" ಅಂದುಕೊಂಡು ಮಗನನ್ನು ಕರೆದಳು.

"ಸಿಂಗ್ರ, ಕೆಂಪಜ್ಜಿ ಹತ್ರ ಹೋಗಿ ಹಲ್ಲುನೋವಿಗೆ ಮದ್ದು ಇಸ್ಕೊಂಡು ಬಾ. ಅವಳು ಹೆಂಗೆ ಹೇಳ್ತಾಳೋ ಹಂಗೇ ಮಾಡು."

ಕೆಂಪಜ್ಜಿ ಊರಿನ ಸೂಲಗಿತ್ತಿ, ಸಣ್ಣಪುಟ್ಟದಕ್ಕೆಲ್ಲ ನಾಟಿ ಮದ್ದು ಕೊಡುವವಳು. ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟಳು. "ಹಲ್ಲಲ್ಲಿ ಕಚ್ಚಿ ಹಿಡ್ಕೋಬೇಕು ಕಣ್ಲಾ. ನೋವು ಹೋಗೋಗಂಟ ಬಾಯಿ ಬುಡಬಾರ್ದು."

ಸಿಂಗ್ರ ಅಲ್ಲೇ ಕಚ್ಚಿದ. ಮನೆಗೆ ಬಂದ. ಜಗಲಿಯ ಮೇಲೆ ಕೂತ.

"ಏನಂದಳೋ ಅಜ್ಜಿ?"

"ಊಂ."

"ಮದ್ದು ಎಲ್ಲೋ?"

"ಊಂ ಊಂ."

ಮಧ್ಯಾಹ್ನ ಊಟಕ್ಕೆ ಕರೆದರೂ ಬಾಯಿ ಬಿಡಲಿಲ್ಲ. ಒಳಗೆ ಲಚ್ಚಿ ಅಳುತ್ತಿದ್ದಳು, ನೋವು ಹೋಗಿರಲಿಲ್ಲವಲ್ಲ. ಹೊತ್ತು ಇಳಿಯುವ ಹೊತ್ತಿಗೆ ದ್ಯಾವಮ್ಮ ಅವನ ಗಲ್ಲ ಹಿಡಿದು ಬಾಯಿ ಬಿಡಿಸಿ ನೋಡಿದರೆ ಲವಂಗ ನಾರಾಗಿ ನಾಲಗೆಗೆ ಅಂಟಿಕೊಂಡಿತ್ತು.

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ. ಯಾರಿಗೆ ಹಲ್ಲುನೋವು?"

"ಲಚ್ಚಿಗೆ."

"ಕಚ್ಚಬೇಕಾದ್ದು ಯಾರು?"

"ಅಜ್ಜಿ ನನ್ನ ಮಕ ನೋಡ್ಕೊಂಡು ಹೇಳ್ತು. ಹೇಳಿದ್ದನ್ನೇ ಮಾಡ್ದೆ ಕಣವ್ವ."

"ಹೇಳಿದ್ದನ್ನೇ ಮಾಡ್ತೀಯಲ್ಲ, ಅದೇ ನನ್ನ ಕರ್ಮ. ಇನ್ಮೇಲೆ ಯಾರು ಯಾವ ಮದ್ದು ಕೊಟ್ರೂ ಮನೆಗೆ ತಂದು, ನುಣ್ಣಗೆ ಜಜ್ಜಿ, ಮಗೂ ಬಾಯಿಗೆ ಇಕ್ಕಬೇಕು. ತಿಳೀತಾ?"

"ತಿಳೀತು ಕಣವ್ವ. ಜಜ್ಜಿ ಇಕ್ಕಬೇಕು."

ಮಾರನೆಯ ದಿನ ಅರಳಿಕಟ್ಟೆಯ ಮೇಲೆ ಜವರಪ್ಪ ಮೇಷ್ಟ್ರು ಸಿಕ್ಕರು. ನಿವೃತ್ತರಾದ ಮೇಲೆ ಪ್ರಕೃತಿ ಚಿಕಿತ್ಸೆಯ ಪುಸ್ತಕ ಓದಿ ಓದಿ, ಊರಿನವರ ಕಾಯಿಲೆಗಳಿಗೆಲ್ಲ ಕಾದು ಕೂರುತ್ತಿದ್ದವರು. ಲಚ್ಚಿಯ ಸುದ್ದಿ ಕೇಳಿ ಅವರ ಮುಖ ಅರಳಿತು.

"ಬೇವು ಕಣಯ್ಯ, ಬೇವು. ನಮ್ಮ ತಾತನಿಗೆ ಸಾಯುವಾಗಲೂ ಎಲ್ಲ ಹಲ್ಲೂ ಇದ್ದವು. ಬೆಳಿಗ್ಗೆ ಎದ್ದು ಬೇವಿನ ಕಡ್ಡಿ, ಅಷ್ಟೇ."

ಹೇಳುವಾಗ ಮೇಷ್ಟ್ರ ಹಲ್ಲಿನ ಸೆಟ್ಟು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಸಿಂಗ್ರ ಅದನ್ನು ಗಮನಿಸಲಿಲ್ಲ. ಮೇಷ್ಟ್ರೇ ಬೇವಿನ ಕಡ್ಡಿ ಮುರಿದು ಕೊಟ್ಟರು. ತಂದ. ಒಳಕಲ್ಲಿಗೆ ಹಾಕಿದ. ನುಣ್ಣಗೆ ಜಜ್ಜಿದ. ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ನಿದ್ದೆಗಣ್ಣಲ್ಲಿ ಆಕಳಿಸುತ್ತಿದ್ದ ಲಚ್ಚಿಯ ಬಾಯಿಗೆ ಇಟ್ಟ.

ಆ ಮಗು ಕಿರುಚಿದ್ದು ಕೇಳಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ದ್ಯಾವಮ್ಮ ಚೊಂಬು ಬಿಟ್ಟು ಓಡಿ ಬಂದಳು. ಮಗು ನಾಲಗೆ ಚಾಚಿಕೊಂಡು, ಹಸಿರು ಹಸಿರಾಗಿ, "ಮಾವ ಕಹಿ, ಮಾವ ಕಹಿ" ಅಂತ ಅಳುತ್ತಿತ್ತು.

"ಕಡ್ಡೀನ ಉಜ್ಜೋಕೆ ಕೊಡ್ತಾರೆ ಕಣೋ ಮಂಕೆ, ಉಂಡೆ ಕಟ್ಟಿ ತುರುಕೋಕಲ್ಲ."

"ಜಜ್ಜಿ ಇಕ್ಕು ಅಂದೆ. ಹೇಳಿದ್ದನ್ನೇ ಮಾಡ್ದೆ ಕಣವ್ವ."

ದ್ಯಾವಮ್ಮ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ದಿನದ ಹಾಗೆ ಗೂಡಿನ ಗಣಪನ ಮುಂದಿದ್ದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿದಳು. ಅಳು ನಿಂತಿತು. "ನೋಡಿ ಕಲಿ. ಮಕ್ಕಳನ್ನ ಕಹಿ ಬಾಯಲ್ಲಿ ಬುಡಬಾರ್ದು. ಯಾವ ಮದ್ದು ಕೊಟ್ರೂ ಹಿಂದೇನೇ ಚೂರು ಬೆಲ್ಲ ಕೊಡಬೇಕು."

"ಹಿಂದೇನೇ ಬೆಲ್ಲ. ತಿಳೀತು ಕಣವ್ವ."

ಸಂಜೆಗೆ ಆಲೆಮನೆಯ ಮಂಚೇಗೌಡರು ದಾರಿಯಲ್ಲಿ ಲಚ್ಚಿಯ ಕೆನ್ನೆ ಸವರಿ ಮರುಗಿದರು. "ಪಾಪ, ಎಂಥಾ ಕೂಸು. ಏನಿಲ್ಲ ಕಣ್ಲಾ ಸಿಂಗ್ರ, ಉಗುರು ಬೆಚ್ಚಗಿನ ಉಪ್ಪುನೀರು. ಬಾಯಿ ಮುಕ್ಕಳಿಸಬೇಕು. ಗಳಿಗೆಗೊಂದು ಸಲ ಮಾಡಿಸ್ತಿರು, ಹುಳುಕು ಹೆದರಿ ಓಡ್ತದೆ." ಅಂದು, ಆಲೆಮನೆಯಿಂದ ಬಂದವರು ಬರಿಗೈ ತೋರಿಸಬಾರದು ಅಂತ ಮಗುವಿನ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟರು.

ಸಿಂಗ್ರ ಗಳಿಗೆಗೊಂದು ಸಲ ಉಪ್ಪುನೀರು ಕೊಟ್ಟ. ಉಪ್ಪುನೀರೂ ಮದ್ದೇ ತಾನೆ? ಗಳಿಗೆಗೊಂದು ಸಲ ಹಿಂದೇನೇ ಬೆಲ್ಲ ಕೊಟ್ಟ. ಲಚ್ಚಿಗೆ ಈ ಮದ್ದು ಬಹಳ ಹಿಡಿಸಿತು. ತಾನೇ ಲೋಟ ಹಿಡಿದುಕೊಂಡು, "ಮಾವ, ಮದ್ದು" ಅಂತ ಬಂದು ನಿಲ್ಲುತ್ತಿದ್ದಳು. ಉಪ್ಪುನೀರನ್ನು ಗುಟುಕ್ಕನೆ ನುಂಗಿ ಬೆಲ್ಲಕ್ಕೆ ಕೈ ಚಾಚುತ್ತಿದ್ದಳು. ಬೆಲ್ಲದ ಡಬ್ಬಿ ತಳ ಕಂಡಿತು. ಮಗುವಿಗೆ ಭೇದಿ ಹತ್ತಿತು. ಹಲ್ಲು ಮೊದಲಿಗಿಂತ ಜಾಸ್ತಿ ಜುಮ್ಮೆಂದಿತು.

"ನುಂಗಿಸಿದೆಯೇನೋ ಪಾಪಿ?"

"ಮುಕ್ಕಳಿಸು ಅಂದೆ, ನುಂಗ್ತು. ಬೆಲ್ಲ ಕೊಟ್ಟೆ. ನೀ ಹೇಳಿದ್ದನ್ನೇ..."

"ಹೇಳಬೇಡ. ಕಿವಿ ತುಂಬಿಹೋಗೈತೆ. ಇನ್ಮೇಲೆ ಆ ಮಗೂ ಬಾಯಿಗೆ ನೀರು ಅಂತ ಏನು ಬಿದ್ರೂ ಮುಕ್ಕಳಿಸಿ ಉಗಿಸಬೇಕು. ಪಕ್ಕದಲ್ಲಿ ನಿಂತು ಉಗಿಸಬೇಕು."

"ಉಗಿಸ್ತೀನಿ ಕಣವ್ವ."

ಶನಿವಾರ ಬಂತು. ಮನುಷ್ಯರ ಮದ್ದು ಕೈಬಿಟ್ಟಾಗ ಹೋಗುವ ಜಾಗ ಒಂದೇ. ದ್ಯಾವಮ್ಮ ತಲೆಗೆ ನೀರು ಹುಯ್ದುಕೊಂಡು, ಮಗ ಮೊಮ್ಮಗಳನ್ನು ಕರೆದುಕೊಂಡು ಹನುಮಂತರಾಯನ ಗುಡಿಗೆ ಹೋದಳು. ಕಣ್ಣು ಮುಚ್ಚಿ, "ನನ್ನ ಬಾಯಿಯ ಹಲ್ಲೆಲ್ಲ ನೀನೇ ತಕ್ಕೊ ಸ್ವಾಮಿ, ಆ ಕೂಸಿನ ನೋವು ತೆಗೆ" ಅಂತ ಬೇಡಿದಳು. ಬೇಡಿದ್ದು ನಿಜ ಮನಸ್ಸಿನಿಂದಲೇ. ಅಷ್ಟರಲ್ಲಿ ಅಯ್ನೋರು ತೀರ್ಥ ಕೊಡುತ್ತಾ ಬಂದರು. ಲಚ್ಚಿ ಪುಟ್ಟ ಬೊಗಸೆ ಒಡ್ಡಿ ಬಾಯಿಗೆ ಹಾಕಿಕೊಂಡಳು.

"ಮುಕ್ಕಳಿಸು" ಅಂದ ಸಿಂಗ್ರ.

ಮಗು ಮುಕ್ಕಳಿಸಿತು.

"ಉಗಿ."

ಮಗು ಉಗಿಯಿತು. ಎದುರಿಗೆ ಇದ್ದದ್ದು ಅಯ್ನೋರ ಪಾದ.

ಗುಡಿಯಲ್ಲಿ ಗಂಟೆ ಬಾರಿಸುತ್ತಿದ್ದವನ ಕೈ ನಿಂತುಹೋಯಿತು. ದ್ಯಾವಮ್ಮನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅಯ್ನೋರು ಮಾತ್ರ ದೊಡ್ಡ ಮನಸ್ಸಿನವರು. ಪಂಚೆಯ ಅಂಚು ಕೊಡವಿಕೊಂಡು, "ಮಗು ಅಲ್ಲವೇನಮ್ಮ, ಸ್ವಾಮಿ ತಾನೂ ಬಾಲ್ಯದಲ್ಲಿ ಕಡಿಮೆ ತುಂಟನೇ?" ಅಂತ ನಕ್ಕು, ಅಳಬಾರದು ಅಂತ ಲಚ್ಚಿಯ ಕೈಗೆ ಒಂದು ಹಿಡಿ ಕಲ್ಲುಸಕ್ಕರೆ ಹಾಕಿದರು.

ಗುಡಿಯ ಮೆಟ್ಟಿಲು ಇಳಿಯುತ್ತಲೇ ದ್ಯಾವಮ್ಮ ಮಗನ ರಟ್ಟೆ ಹಿಡಿದಳು. "ತೀರ್ಥ ಉಗಿಸ್ತೀಯೇನೋ, ನಿನ್ನ ಮನೆ ಕಾಯ್ವಾಗ."

"ನೀರು ಅಂತ ಏನು ಬಿದ್ರೂ ಅಂದಿದ್ದೆ..."

"ಕೇಳು. ದೊಡ್ಡೋರು ಕೈ ಎತ್ತಿ ಏನಾದ್ರೂ ಕೊಟ್ರೆ ಉಗೀಬಾರ್ದು. ಕಣ್ಣಿಗೆ ಒತ್ಕೊಂಡು, ಒಂದು ಚೂರೂ ಕೆಳಗೆ ಬೀಳದಂಗೆ ನುಂಗಬೇಕು."

"ಒತ್ಕೊಂಡು ನುಂಗಬೇಕು."

ಆಮೇಲೆ ಬಂದವಳು ಹಲ್ಲಿನ ಹುಳ ತೆಗೆಯುವವಳು. ಜೋಳಿಗೆ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಕೂಗಿಕೊಂಡು ಬಂದಳು. ದ್ಯಾವಮ್ಮನ ಕಿವಿಗೆ ಅದು ದೇವರೇ ಕಳಿಸಿದ ದನಿಯ ಹಾಗೆ ಕೇಳಿತು. ಒಳಗೆ ಕರೆದು ಮಣೆ ಹಾಕಿದಳು. ಆ ಹೆಂಗಸು ಕಬ್ಬಿಣದ ಸೌಟು ಕಾಯಿಸಿ, ಅದರ ಮೇಲೆ ಅದೇನೋ ಬೀಜ ಉದುರಿಸಿ, ಮಗುವಿಗೆ ಕಂಬಳಿ ಮುಸುಕು ಹಾಕಿ ಹೊಗೆ ಕುಡಿಸಿದಳು. ಲಚ್ಚಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡಳು. ಹೆಂಗಸು ನೀರಿನ ಬಟ್ಟಲಲ್ಲಿ ಕೈಯಾಡಿಸಿ, ಬೆಳ್ಳಗಿನ ಸಣ್ಣ ಸಣ್ಣ ಚೂರು ಎತ್ತಿ, "ನೋಡಿ ತಾಯಿ, ಎಷ್ಟು ಹುಳ. ಇದೇ ನಿಮ್ಮ ಕೂಸನ್ನ ತಿಂತಿದ್ದದ್ದು. ಹಿಡಿಯಪ್ಪ, ಹೊರಗೆ ಬಿಸಾಕು" ಅಂತ ಸಿಂಗ್ರನ ಅಂಗೈಗೆ ಹಾಕಿದಳು.

ಕೊಟ್ಟವಳು ದೊಡ್ಡವಳು. ಕೈ ಎತ್ತಿ ಕೊಟ್ಟಿದ್ದಾಳೆ. ಬಿಸಾಕು ಅಂದಳು ನಿಜ, ಆದರೆ ಅವ್ವನ ಮಾತು ಮೊದಲು. ಸಿಂಗ್ರ ಕಣ್ಣಿಗೆ ಒತ್ತಿಕೊಂಡ. ಒಂದು ಚೂರೂ ಕೆಳಗೆ ಬೀಳದ ಹಾಗೆ ಬಾಯಿಗೆ ಹಾಕಿಕೊಂಡ. ಅಗಿದ.

ದ್ಯಾವಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಹುಳ ತಿಂದ್ಯೇನೋ..."

"ಹುಳ ಎಲ್ಲೈತೆ? ಬದನೆ ಬೀಜ ಕಣವ್ವ. ಬೆಂದೈತೆ. ಉಪ್ಪು ಒಂಚೂರು ಕಮ್ಮಿ."

ದ್ಯಾವಮ್ಮ ತಿರುಗಿ ನೋಡಿದರೆ ಮಣೆ ಖಾಲಿ. ಜೋಳಿಗೆ ಆಗಲೇ ಬೀದಿ ತಿರುವಿನಲ್ಲಿತ್ತು.

ಅವಳಿಗೆ ಸಿಟ್ಟು ಬಂದದ್ದು ಆ ಹೆಂಗಸಿನ ಮೇಲೆ, ಬೈದದ್ದು ಮಗನನ್ನು. ಕೈಗೆ ಸಿಕ್ಕುವವರನ್ನೇ ಬೈಯುವುದು ಲೋಕದ ಪದ್ಧತಿ. "ಸಾಕು ನಿನ್ನ ಸಹವಾಸ. ಇನ್ಮೇಲೆ ಆ ಮಗೂ ಹಲ್ಲಿನ ತಂಟೆಗೆ ಬರಬೇಡ. ಏನು ಕಂಡ್ರೂ ಬಾಯಿ ಮುಚ್ಕೊಂಡಿರು."

"ಆಯ್ತು ಕಣವ್ವ."

ಮಾರನೆಯ ದಿನ ದ್ಯಾವಮ್ಮ ಗದ್ದೆಗೆ ಹೋದಳು. ಬಿಸಿಲೇರುತ್ತಿದ್ದ ಹಾಗೆ ಲಚ್ಚಿಯ ಕೆನ್ನೆ ಊದಿಕೊಂಡಿತು. ಮೈ ಕಾದ ಹೆಂಚಾಯಿತು. ಸಿಂಗ್ರ ಕಂಡ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಯಿ ಮುಚ್ಚಿಕೊಂಡು ಕೂತ. ಪಕ್ಕದ ಮನೆಯವಳು ಬೆಂಕಿಕಡ್ಡಿಗೆ ಬಂದು, "ಮಗು ಯಾಕೆ ಮಲಗೈತೆ?" ಅಂದಳು. ಸಿಂಗ್ರನ ಕಣ್ಣಲ್ಲಿ ನೀರು ಇಳಿಯಿತು. ಬಾಯಿ ಬಿಡಲಿಲ್ಲ.

ಸಂಜೆ ದ್ಯಾವಮ್ಮ ಬಂದು ನೋಡಿದಾಗ ಮಗುವಿನ ಒಂದು ಕಣ್ಣು ಊತದಲ್ಲಿ ಅರ್ಧ ಮುಚ್ಚಿತ್ತು.

"ಯಾಕ್ಲಾ ಕೂಗಲಿಲ್ಲ? ಯಾಕ್ಲಾ ಗದ್ದೆಗೆ ಓಡಿ ಬರಲಿಲ್ಲ?"

"ಬಾಯಿ ಮುಚ್ಕೊಂಡಿರು ಅಂದಿದ್ದೆ."

ದ್ಯಾವಮ್ಮ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಹೇಳಿದವಳು ತಾನೇ. ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಸಿಕ್ಕ ಆಟೋ ಹತ್ತಿ ದೊಡ್ಡಾಸ್ಪತ್ರೆಗೆ ಹೊರಟಳು. ದಾರಿಯುದ್ದಕ್ಕೂ ಇಕ್ಕಳ ನೆನಪಾಗಲಿಲ್ಲ, ರಾಮನಾಮ ಒಂದೇ. ಮಗನಿಗೆ ಹೇಳಿದ್ದು ಇಷ್ಟೇ: "ಇನ್ಮೇಲೆ ನನ್ನ ಮಾತು ಕೇಳಬೇಡ. ಡಾಕ್ಟ್ರು ಏನು ಹೇಳ್ತಾರೋ ಅದನ್ನ ಒಂದಕ್ಷರ ಬುಡದಂಗೆ ಮಾಡು."

ಹಲ್ಲಿನ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವಳು, ಮೆದು ಮಾತು. ಕೆನ್ನೆ ಮುಟ್ಟಿ ನೋಡಿ, ಊತಕ್ಕೂ ಜ್ವರಕ್ಕೂ ಔಷಧಿ ಕೊಟ್ಟಳು. ಲವಂಗದಿಂದ ಹಿಡಿದು ಹೊಗೆಯವರೆಗೆ ಎಲ್ಲ ಕೇಳಿಸಿಕೊಂಡಳು. "ಉಪ್ಪುನೀರೂ ಕೆಟ್ಟದ್ದಲ್ಲಮ್ಮ, ಬೇವೂ ಕೆಟ್ಟದ್ದಲ್ಲ. ಆದರೆ ಹಲ್ಲು ಇಷ್ಟು ಕುಳಿ ಬಿದ್ದ ಮೇಲೆ ಅವು ಏನು ಮಾಡ್ತವೆ? ಹಾಲುಹಲ್ಲು ಅಂತ ಬಿಡಬಾರದಿತ್ತು. ಕೀವು ಆಗಿದೆ. ಊತ ಇಳಿದ ತಕ್ಷಣ ಆ ಹಲ್ಲು ತೆಗೀಬೇಕು, ಇಲ್ಲದಿದ್ದರೆ ಮತ್ತೆ ಹೀಗೇ ಆಗುತ್ತೆ, ಇನ್ನೂ ಜೋರಾಗಿ. ಎಲ್ಲಿ ಪುಟ್ಟಿ, 'ಆ' ಅನ್ನು."

ಲಚ್ಚಿ ಬಾಯಿ ಬಿಗಿದಳು. ಬೇವಿನ ಉಂಡೆ, ಉಪ್ಪುನೀರು, ಹೊಗೆ ಎಲ್ಲ ನೋಡಿದ ಬಾಯಿ ಅದು, ಇನ್ನು ಯಾರನ್ನೂ ನಂಬುವುದಿಲ್ಲ. ಅಜ್ಜಿ ಬೇಡಿದಳು. ನರ್ಸಮ್ಮ ಗೊಂಬೆ ತೋರಿಸಿದಳು. ಬಾಯಿ ತೆರೆಯಲಿಲ್ಲ.

"ಬಲವಂತ ಬೇಡ" ಅಂದಳು ಡಾಕ್ಟ್ರಮ್ಮ. "ಮಕ್ಕಳು ಇನ್ನೊಬ್ಬರನ್ನು ನೋಡಿ ಕಲೀತಾರೆ. ನಿಮ್ಮ ಮನೇಲಿ ದಿನಾ ಸಿಹಿ ತಿನ್ನೋರು, ಹಲ್ಲು ಮುರಿದೋರು ಇನ್ಯಾರಾದ್ರೂ ಇದ್ದಾರಾ? ಇದ್ದರೆ ಮುಂದಿನ ಸಲ ಜೊತೇಲಿ ಕರ್ಕೊಂಡು ಬನ್ನಿ. ಮೊದಲು ಅವರನ್ನ ಕೂರಿಸಿ ನೋಡ್ತೀನಿ, ಅದನ್ನು ನೋಡಿ ಇವಳೂ ಕೂರ್ತಾಳೆ."

"ಅವ್ರೆ ಡಾಕ್ಟ್ರೇ. ಕರ್ಕೊಂಡು ಬತ್ತೀನಿ" ಅಂದ ಸಿಂಗ್ರ.

ಯಾರಿದ್ದಾರೆ ಅಂತ ದ್ಯಾವಮ್ಮನಿಗೆ ತಿಳಿಯಲಿಲ್ಲ. ಮೇಷ್ಟ್ರನ್ನು ಕರೆಯುತ್ತಾನೇನೋ ಅಂದುಕೊಂಡಳು.

ಊತ ಇಳಿಯಿತು. ಹೇಳಿದ ದಿನ ಬಸ್ಸಲ್ಲಿ ಹೊರಟರು. ಸಿಂಗ್ರನ ತೊಡೆಯ ಮೇಲೆ ಹೊಸ ಟವಲು ಹೊದಿಸಿದ ಒಂದು ಗಂಟು. ಕಂಡಕ್ಟರು ಕಾಲ ಬಳಿ ಇಡು ಅಂದರೂ ಇಡಲಿಲ್ಲ. "ಏನ್ಲಾ ಅದು?" ಅಂದಳು ದ್ಯಾವಮ್ಮ. "ಡಾಕ್ಟ್ರು ಹೇಳಿದ್ದು" ಅಂದ. ಅವಳಿಗೆ ಮಗುವಿನ ಚಿಂತೆಯೇ ದೊಡ್ಡದಾಗಿತ್ತು, ಬಿಚ್ಚಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಸರದಿ ಬಂತು. "ಕರ್ಕೊಂಡು ಬಂದ್ರಾ?" ಅಂದಳು ಡಾಕ್ಟ್ರಮ್ಮ. ಸಿಂಗ್ರ ಹಲ್ಲು ನೋಡುವ ಉದ್ದ ಕುರ್ಚಿಯ ಮೇಲೆ ಗಂಟನ್ನು ಕೂರಿಸಿ ಟವಲು ತೆಗೆದ.

ದ್ಯಾವಮ್ಮನ ಮನೆಯ ಗೂಡಿನ ಹಿತ್ತಾಳೆ ಗಣಪ.

"ಇವರೇ ಡಾಕ್ಟ್ರೇ" ಅಂದ ಸಿಂಗ್ರ. "ದಿನಾ ಎರಡು ಹೊತ್ತೂ ಬೆಲ್ಲ. ಹಬ್ಬ ಬಂದ್ರೆ ಕಡುಬು ಬೇರೆ. ನೋಡಿ, ಒಂದು ಹಲ್ಲು ಅರ್ಧಕ್ಕೆ ಮುರಿದೈತೆ. ಎಷ್ಟು ದಿನದಿಂದ ನೋವೋ, ಬಾಯಿ ಬುಟ್ಟು ಹೇಳಲ್ಲ."

ನರ್ಸಮ್ಮ ಬಾಗಿಲ ಕಡೆ ತಿರುಗಿಕೊಂಡಳು, ಭುಜ ಕುಣಿಯುತ್ತಿತ್ತು. ದ್ಯಾವಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. ದೇವರನ್ನು ಆಸ್ಪತ್ರೆಗೆ ತಂದ ಪಾಪ ಒಂದು ಕಡೆ. ಇನ್ನೊಂದು ಕಡೆ, ಗಣಪನಿಗೆ ದಿನಾ ಎರಡು ಹೊತ್ತು ಇಟ್ಟ ಬೆಲ್ಲ ಆಮೇಲೆ ಯಾರ ಬಾಯಿಗೆ ಹೋಗುತ್ತಿತ್ತು? ಕೊಡುತ್ತಿದ್ದ ಕೈ ಯಾರದು? ಆಲೆಮನೆಗೆ ಮಗು ಹೋಗುತ್ತಿದ್ದದ್ದು ದಿನಕ್ಕೊಮ್ಮೆ. ಮನೆಯ ಬೆಲ್ಲ ಮಗುವಿನ ಹಿಂದೆ ಹಿಂದೆಯೇ ಬರುತ್ತಿತ್ತು. ಸ್ವಾಮಿ ಒಂದು ದಿನವೂ ಒಂದು ಚೂರೂ ಮುಟ್ಟಿದವನಲ್ಲ. ಅವನ ಹೆಸರು ಹೇಳಿ ಮಗುವಿನ ಹಲ್ಲಿಗೆ ಹಚ್ಚಿದವಳು ತಾನು.

ಡಾಕ್ಟ್ರಮ್ಮ ನಗಲಿಲ್ಲ. ಚಪ್ಪಲಿ ಪಕ್ಕಕ್ಕೆ ಬಿಟ್ಟಳು. ಗಣಪನಿಗೆ ಕೈ ಮುಗಿದಳು. ಆಮೇಲೆ ದೀಪ ಹತ್ತಿಸಿ, ಪುಟ್ಟ ಕನ್ನಡಿ ಹಿಡಿದು, ಮುರಿದ ದಂತವನ್ನು ಆ ಕಡೆಯಿಂದ ಈ ಕಡೆಯಿಂದ ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಕೂತ್ರಿ ಸ್ವಾಮಿ. ಅಳಲೇ ಇಲ್ಲ" ಅಂದಳು.

ಲಚ್ಚಿ ಅಜ್ಜಿಯ ಸೊಂಟದಿಂದ ಜಾರಿ ಇಳಿದಳು. ಕುರ್ಚಿಯ ಹತ್ತಿರ ಹೋಗಿ ಗಣಪನನ್ನು ನೋಡಿದಳು, ಕನ್ನಡಿ ನೋಡಿದಳು. "ನಂಗೂ" ಅಂದಳು. ತಾನೇ ಹತ್ತಿ ಕೂತು, ಗಣಪನನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುಹೆಯ ಹಾಗೆ ಬಾಯಿ ತೆರೆದಳು.

ಕೆಟ್ಟ ಹಲ್ಲು ಬಂತು. ಚುಚ್ಚಿದಾಗ ಒಂದು ಚೂರು ಅತ್ತಳು, ಗಣಪನ ಹೊಟ್ಟೆ ಹಿಡಿದುಕೊಂಡು ಸುಮ್ಮನಾದಳು. ಮನೆಗೆ ಬಂದು, ಸಂಜೆಗೆ, ಆರಿದ ಗಂಜಿಯನ್ನು ಬಟ್ಟಲು ತುಂಬಾ ಕುಡಿದು ಇನ್ನೂ ಬೇಕು ಅಂದಳು. ಎಷ್ಟೋ ದಿನದ ಮೇಲೆ ದ್ಯಾವಮ್ಮ ಅವತ್ತು ಹೊಟ್ಟೆ ತುಂಬಾ ಉಂಡಳು. ಉಂಡು, ಮಗನ ತಲೆ ಸವರಿದಳು. ಸಿಂಗ್ರನಿಗೆ ಯಾಕೆ ಅಂತ ತಿಳಿಯಲಿಲ್ಲ. ಹೇಳಿದ್ದನ್ನೇ ಮಾಡಿದ್ದನಷ್ಟೆ.

ಡಾಕ್ಟ್ರಮ್ಮ ಹೊರಡುವಾಗ ಒಂದು ಮಾತು ಹೇಳಿ ಕಳಿಸಿದ್ದಳು. ಉಳಿದ ಹಲ್ಲು ಉಳಿಯಬೇಕಾದರೆ ಮನೆಯಲ್ಲಿ ಸಿಹಿ ಕಡಿಮೆ ಮಾಡಿ, ರಾತ್ರಿ ಮಲಗುವ ಮುಂಚೆ ತಪ್ಪದೆ ಹಲ್ಲುಜ್ಜಿಸಿ, ಉಜ್ಜಿದ ಮೇಲೆ ಏನೂ ತಿನ್ನಿಸಬೇಡಿ ಅಂತ. ಸಿಂಗ್ರ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ.

ಚೌತಿ ಬಂತು. ಲಚ್ಚಿ ಗುಣವಾದ ಸಂತೋಷಕ್ಕೆ ಕೆಂಪಜ್ಜಿ, ಮೇಷ್ಟ್ರ ಮನೆಯವರು, ಮಂಚೇಗೌಡರ ಮನೆಯವರು ಎಲ್ಲರೂ ತಟ್ಟೆ ತಟ್ಟೆ ಕಡುಬು ಹಿಡಿದು ದ್ಯಾವಮ್ಮನ ಗಣಪನ ರಾತ್ರಿಯ ನೈವೇದ್ಯಕ್ಕೆ ಬಂದರು. ನೋಡಿದರೆ ಗೂಡಿನ ಮುಂದೆ ಸಿಂಗ್ರ ಅಡ್ಡ ನಿಂತಿದ್ದಾನೆ. ಒಂದು ಕೈಯಲ್ಲಿ ಪುಟ್ಟ ಬ್ರಷ್ಷು. ಗಣಪನ ಸೊಂಡಿಲಿನ ಪಕ್ಕ ಬೆಳ್ಳಗೆ ನೊರೆ.

"ದಾರಿ ಬುಡೋ" ಅಂದಳು ಕೆಂಪಜ್ಜಿ. "ದೇವರಿಗೆ ಕಡುಬು ಇಡಬೇಕು."

"ಆಗಕಿಲ್ಲ ಅಜ್ಜಿ" ಅಂದ ಸಿಂಗ್ರ. "ಈಗ ತಾನೆ ಹಲ್ಲುಜ್ಜವ್ರೆ. ಲಚ್ಚಿಗಾದ್ರೆ ಬಿದ್ದದ್ದು ಮತ್ತೆ ಬತ್ತದೆ. ಇವರಿಗೆ ಉಳಿದಿರೋದೇ ಒಂದು."